ಚೀಟಿ ಇಲ್ಲದ ಬಂದೂಕುಗಳು

ನನ್ನ ಅಭಿಪ್ರಾಯ ಏನೆಂದು ಮೊದಲು ಕೇಳಿದವಳು ಫೋನಿನಲ್ಲಿ ಒಬ್ಬ ಹುಡುಗಿ. ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಕೂತು ಯಾರದೋ ಅಜ್ಜನ ಕಾಲದ ಬಂದೂಕಿನ ತುಕ್ಕು ತಿಕ್ಕುತ್ತಿದ್ದೆ. ಜನಾಭಿಪ್ರಾಯದ ಸಮೀಕ್ಷೆಯಂತೆ, ಐದೇ ನಿಮಿಷ ಸಾಕಂತೆ. ಅವಳ ದನಿಯಲ್ಲಿ ಊಟ ಮಾಡದವರ ಸುಸ್ತಿತ್ತು. ಇಲ್ಲದಿದ್ದರೆ ಆಗಲೇ ಫೋನ್ ಇಟ್ಟುಬಿಡುತ್ತಿದ್ದೆ.

"ಸರ್, ಒಬ್ಬರು ತಮಗೇ ಅಪಾಯ ಮಾಡ್ಕೋಬಹುದು ಅಂತ ಮನೆಯವರು ಕೋರ್ಟಿಗೆ ಹೇಳಿದ್ರೆ, ಜಡ್ಜು ಅವರ ಬಂದೂಕನ್ನ ಸ್ವಲ್ಪ ಕಾಲ ತೆಗೆದಿಡಬಹುದು ಅಂತ ಒಂದು ಕಾನೂನು ಬಂದ್ರೆ, ನೀವು ಬಲವಾಗಿ ಒಪ್ತೀರಾ, ಸ್ವಲ್ಪ ಒಪ್ತೀರಾ, ಸ್ವಲ್ಪ ವಿರೋಧಿಸ್ತೀರಾ, ಬಲವಾಗಿ ವಿರೋಧಿಸ್ತೀರಾ, ಗೊತ್ತಿಲ್ವಾ?"

"ಬಲವಾಗಿ ವಿರೋಧ. ಅದಕ್ಕಿಂತ ಬಲವಾದ್ದಿದ್ರೆ ಅದನ್ನೇ ಬರ್ಕೋ ತಾಯಿ."

"ಅದಕ್ಕಿಂತ ಬಲವಾದ್ದು ಇಲ್ಲ ಸರ್."

"ಹಾಗಾದ್ರೆ ಅಷ್ಟಕ್ಕೇ ಬಿಡು."

ಅವಳಿಗೆ ನಗು ಬಂತು. ನನಗೂ ಬಂತು. ನನ್ನ ಬೆನ್ನ ಹಿಂದೆ, ಗೋಡೆಯ ಕೊನೆಯ ಸಾಲಿನಲ್ಲಿ, ಎಲ್ಡನ್ ಕ್ರೂಪಾನ ಮೂರು ಬಂದೂಕುಗಳು ನಿಂತಿದ್ದವು. ಅವಕ್ಕೆ ಚೀಟಿ ಕಟ್ಟಿರಲಿಲ್ಲ.

ಚೀಟಿಯ ವಿಷಯ ಹೇಳಬೇಕು. ನಾನು ವರ್ನನ್ ಸ್ಟಾಫರ್, ನಲವತ್ತು ವರ್ಷಗಳಿಂದ ಈ ಗುಡ್ಡದ ಊರಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಬಂದ ಪ್ರತಿ ಬಂದೂಕಿಗೂ ಒಂದು ಬಿಳಿ ಚೀಟಿ ಕಟ್ಟುತ್ತೇನೆ. ಯಾರದು, ಎಂದು ಬಂತು, ಏನು ಕೆಟ್ಟಿದೆ. ಕೊನೆಯ ಸಾಲಿನವಕ್ಕೆ ಮಾತ್ರ ಕಟ್ಟುವುದಿಲ್ಲ. ಅವುಗಳಲ್ಲಿ ಏನೂ ಕೆಟ್ಟಿರುವುದಿಲ್ಲ, ಕೆಟ್ಟಿರುವುದು ಬೇರೆ.

ನಮ್ಮ ಕಡೆ ಹೀಗೊಂದು ಪದ್ಧತಿ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಒಬ್ಬನ ಹೆಂಡತಿ ಸತ್ತರೆ, ಕೆಲಸ ಹೋದರೆ, ಅಥವಾ ಅವನು ಸುಮ್ಮನೆ ಮಾತು ನಿಲ್ಲಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರೆ, ಗೆಳೆಯನೊಬ್ಬ ಟ್ರಕ್ಕಿನಲ್ಲಿ ಬರುತ್ತಾನೆ. ಕಾಫಿ ಕುಡಿಯುತ್ತಾನೆ. ಈ ಸಲ ಹಿಮ ಬೇಗ ಬೀಳುತ್ತದಂತೆ ಅನ್ನುತ್ತಾನೆ. ಏಳುವ ಹೊತ್ತಿಗೆ, "ನಿನ್ನ ಬಂದೂಕಿಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತೋ? ಕೊಡಿಲ್ಲಿ, ವರ್ನ್ ಹತ್ರ ಹಾಕಿಸ್ಕೊಂಡು ಬರ್ತೀನಿ" ಅನ್ನುತ್ತಾನೆ. ಇವನೂ ಎದ್ದು ಕೊಡುತ್ತಾನೆ. ಯಾಕೆಂದು ಇಬ್ಬರೂ ಬಾಯಿ ಬಿಡುವುದಿಲ್ಲ. ಮನುಷ್ಯ ಸರಿಹೋದ ಮೇಲೆ ಬಂದೂಕು ವಾಪಸು ಹೋಗುತ್ತದೆ, ಒಂದು ಡಬ್ಬಿ ಬಿಸ್ಕತ್ತೋ ಒಂದು ಬಾಟಲಿಯೋ ನನ್ನ ಅಂಗಡಿಗೆ ಬರುತ್ತದೆ. ಇದರಲ್ಲಿ ಜಡ್ಜಿಗೇನು ಕೆಲಸ? ಅದಕ್ಕೇ ಆ ಹುಡುಗಿಗೆ ಹಾಗೆ ಹೇಳಿದ್ದು.

ನನಗೂ ಹೀಗೆ ಮಾಡಿದ್ದರು. ಹನ್ನೆರಡು ವರ್ಷದ ಹಿಂದೆ ನನ್ನ ಹೆಂಡತಿ ಡೋರಿಸ್ ತೀರಿಕೊಂಡಾಗ ಎಲ್ಡನ್ ಬಂದ. ಅಂಗಡಿಯ ತುಂಬ ಬಂದೂಕು ಇಟ್ಟುಕೊಂಡವನ ಹತ್ತಿರ ಎಷ್ಟು ಅಂತ ಹೊತ್ತುಕೊಂಡು ಹೋಗುತ್ತಾನೆ? ಅಂಗಡಿಗೆ ಬೀಗ ಹಾಕಿ ಕೀಲಿಯನ್ನೇ ಜೇಬಿಗಿಳಿಸಿದ. ಫೆಬ್ರವರಿಯಲ್ಲಿ ಕೇಳಿದೆ, ಕೊಡಲಿಲ್ಲ. ಬಾಯಿಗೆ ಬಂದಂತೆ ಬೈದೆ, ಅವನ ತಾಯಿಯನ್ನೂ ಬಿಡಲಿಲ್ಲ.

"ಎಣ್ಣೆ ಇನ್ನೂ ಆರಿಲ್ಲ ಕಣೋ" ಅಂದ. "ಏಪ್ರಿಲಿಗೆ ಬಾ."

ಏಪ್ರಿಲ್ ಹದಿನೈದಕ್ಕೆ ಕೀಲಿ ತಂದುಕೊಟ್ಟ. ಆ ಚಳಿಗಾಲ ದಾಟಿ ನಾನು ಉಳಿದದ್ದು ಹೀಗೆ. ಅದನ್ನು ಅವನಿಗೆ ಒಂದು ದಿನವೂ ಹೇಳಲಿಲ್ಲ.

ಎಲ್ಡನ್ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ. ಮೂವತ್ತೆಂಟು ವರ್ಷ. ಕಾರ್ಖಾನೆ ಮುಚ್ಚಿದ ದಿನ ಕುಲುಮೆ ಆರಿಸಿದವನೂ ಅವನೇ. ಆಮೇಲೆ ಬೇಸಿಗೆಯೆಲ್ಲ ಮನೆಗೆ ಬಣ್ಣ ಬಳಿದ, ಬಳಿದ ಗೋಡೆಗೇ ಮತ್ತೆ ಬಳಿದ. ಸೆಪ್ಟೆಂಬರಿನಲ್ಲಿ ಅದನ್ನೂ ನಿಲ್ಲಿಸಿದ. ಒಂದು ಬೆಳಿಗ್ಗೆ ಅವನ ಹೆಂಡತಿ ನೋರೀನ್ ನನಗೆ ಫೋನ್ ಮಾಡಿದಳು.

"ವರ್ನ್, ಇವರು ಕಾರ್ ಶೆಡ್ಡಲ್ಲಿ ಕೂತಿದಾರೆ. ತೊಡೆ ಮೇಲೆ ಬಂದೂಕಿದೆ. ಏನೂ ಮಾಡ್ತಿಲ್ಲ. ಸುಮ್ನೆ ಕೂತಿದಾರೆ."

ಹೋದೆ. ಕಾಫಿ ಕುಡಿದೆ. ಹಿಮದ ಮಾತಾಡಿದೆ. ಎಣ್ಣೆಯ ಮಾತು ಎತ್ತುವ ಮುಂಚೆಯೇ ಅವನು ಎದ್ದು ಮೂರನ್ನೂ ನನ್ನ ಟ್ರಕ್ಕಿನಲ್ಲಿ ಮಲಗಿಸಿದ. ಅವುಗಳಲ್ಲಿ ಒಂದು ಅವನ ಅಪ್ಪನದು, ಹಿಡಿಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ. ಟ್ರಕ್ಕಿನ ಬಳಿ ನೋರೀನ್ ನನ್ನ ತೋಳು ಹಿಡಿದುಕೊಂಡಳು.

"ಇವರು ಏನೇ ಹೇಳ್ಲಿ, ಎಷ್ಟೇ ಗೋಗರೀಲಿ, ಕೊಡಬೇಡ. ನಾನು ಹೇಳೋವರೆಗೂ ಕೊಡಬೇಡ. ಮಾತು ಕೊಡು."

ಮಾತು ಕೊಟ್ಟೆ. ಅಂಗಡಿಯ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿರುವುದು ಊರಿಗೆಲ್ಲ ಗೊತ್ತಿತ್ತು. ಅವತ್ತೇ ಅದನ್ನು ತೆಗೆದು ಹಿತ್ತಿಲ ಹಕ್ಕಿಗೂಡಿನ ಅಡಿಯ ಮೊಳೆಗೆ ಸಿಕ್ಕಿಸಿದೆ. ನನಗೇನಾದರೂ ಆದರೆ ಒಬ್ಬರಿಗಾದರೂ ಗೊತ್ತಿರಲಿ ಎಂದು ನೋರೀನ್‌ಗೆ ಮಾತ್ರ ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ, ನಮ್ಮಲ್ಲಿ ಜಿಂಕೆ ಬೇಟೆ ಶುರು. ಆ ದಿನ ಶಾಲೆಗೆ ರಜೆ, ಮರದ ಮಿಲ್ಲಿಗೆ ರಜೆ, ಹಲ್ಲಿನ ಡಾಕ್ಟರೂ ಸಿಗುವುದಿಲ್ಲ. ಗಂಡಸರೆಲ್ಲ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಭಾನುವಾರವೇ ಗುಡ್ಡದ ಮೇಲಿನ ಗುಡಿಸಲು ಸೇರಿರುತ್ತಾರೆ. ಸೋಮವಾರ ಬೆಳಿಗ್ಗೆ ಬರಿಗೈಯಲ್ಲಿ ಊರಿನಲ್ಲಿ ಕಂಡ ಗಂಡಸನ್ನು ಯಾರೂ ಏನೂ ಕೇಳುವುದಿಲ್ಲ. ಕೇಳದಿರುವುದೇ ಕೇಳಿದ ಹಾಗೆ. ಅವನ ಬಂದೂಕು ಯಾರದೋ ಮನೆಯಲ್ಲಿದೆ, ಅವನ ತಲೆ ಸರಿಯಿಲ್ಲ ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಭಾನುವಾರ ಮಧ್ಯಾಹ್ನ ಎಲ್ಡನ್ ಅಂಗಡಿಗೆ ಬಂದ. ಗಡ್ಡ ಬೋಳಿಸಿದ್ದ. ಕೂದಲು ಕತ್ತರಿಸಿಕೊಂಡಿದ್ದ. ಕಿತ್ತಳೆ ಜಾಕೆಟ್ ಒಗೆದು ಇಸ್ತ್ರಿ ಮಾಡಿದ್ದ. ಬೇಟೆಯ ಜಾಕೆಟ್ಟಿಗೆ ಇಸ್ತ್ರಿ ಮಾಡಿದವನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅದನ್ನು ನೋಡಿ ಹೆದರಬೇಕಿತ್ತು, ನಾನು ಖುಷಿಪಟ್ಟೆ.

"ಏನೋ ಮದುಮಗ" ಅಂದೆ.

"ನಾಳೆ ಗುಡಿಸಲ ಎದುರಿನ ದಿಬ್ಬ ನಂದು ಅಂತ ಬೇಟೆ ಕ್ಲಬ್ಬಿನ ರಸ್ ಬಿಟ್ಕೊಟ್ಟಿದಾನೆ" ಅಂದ. "ಒಂದೇ ಸಮಸ್ಯೆ. ಏನ್ ಹಿಡ್ಕೊಂಡು ಹೋಗ್ಲಿ? ನೋರೀನ್ ಪೊರಕೆ ಕೊಟ್ಟಾಳು."

ನಕ್ಕೆವು. ಅವನು ನಕ್ಕು ಎರಡು ತಿಂಗಳಾಗಿತ್ತು. ಆಮೇಲೆ ನಗು ನಿಲ್ಲಿಸಿ ತನ್ನ ಬೂಟು ನೋಡಿಕೊಂಡ.

"ಎಲ್ಲರ ಮುಂದೆ ಬರಿಗೈಯಲ್ಲಿ ನಿಲ್ಲೋ ಹಾಗೆ ಮಾಡಬೇಡ ವರ್ನ್. ಅಪ್ಪಂದು ಒಂದನ್ನ ಕೊಡು. ಮಂಗಳವಾರ ತಂದಿಡ್ತೀನಿ. ನೋರೀನ್‌ಗೆ ನಾನು ಹೇಳ್ಕೋತೀನಿ."

ಫೋನ್ ಕೈಗೆಟುಕುವಷ್ಟು ದೂರದಲ್ಲಿತ್ತು. ನೋರೀನ್‌ಗೆ ಒಂದು ಮಾತು ಕೇಳಬಹುದಿತ್ತು. ಆದರೆ ಐವತ್ತು ವರ್ಷದ ಗೆಳೆಯನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ಹೆಂಡತಿಗೆ ಫೋನ್ ಮಾಡಿ, ನಿನ್ನ ಗಂಡನ ಕೈಗೆ ಅವನದೇ ಬಂದೂಕು ಕೊಡಲಾ ಎಂದು ಕೇಳುವುದು ನನ್ನಿಂದಾಗಲಿಲ್ಲ. ಮಾನ ಅನ್ನುವುದು ಎಷ್ಟು ಕೆಟ್ಟ ವಸ್ತು ನೋಡಿ. ಅವನ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ. ಬಂದೂಕು ಇಳಿಸಿ, ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟೆ.

"ಎಣ್ಣೆ ಆರಿದೆಯಾ?" ಅಂತ ಕೇಳಿದ.

"ಆರಿದೆ" ಅಂದೆ.

ಸೋಮವಾರ ಬೆಳಕು ಹರಿದಾಗ ಎದುರಿನ ದಿಬ್ಬದಲ್ಲಿ ಯಾರೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅರಣ್ಯದ ಗೇಟಿನ ಬಳಿ ಅವನ ಟ್ರಕ್ ಸಿಕ್ಕಿತು. ಎಲ್ಡನ್ ಒಳಗೇ ಇದ್ದ. ಅವತ್ತು ಆ ಗುಡ್ಡಗಳಲ್ಲಿ ಸಾವಿರ ಗುಂಡು ಹಾರಿದ್ದವು, ಅವನದು ಯಾವುದೆಂದು ಯಾರಿಗೂ ಕೇಳಿಸಲಿಲ್ಲ.

ಮಂಗಳವಾರ ಪೊಲೀಸಿನವನು ಅಂಗಡಿಗೆ ಬಂದ. ಚಿಕ್ಕ ವಯಸ್ಸು, ಒಳ್ಳೆಯ ಹುಡುಗ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಬಂದೂಕು ಇಲ್ಲಿತ್ತು ಅಂತ ಅವರ ಮನೆಯವರು ಹೇಳ್ತಾರೆ ಸರ್. ಕೀಲಿ ಎಲ್ಲಿಡ್ತೀರಿ?"

"ಹಿತ್ತಿಲ ಹಕ್ಕಿಗೂಡಿನ ಕೆಳಗೆ."

"ಅದು ಎಲ್ಡನ್ ಅವರಿಗೆ ಗೊತ್ತಿತ್ತಾ?"

ನಾನು ಕಿಟಕಿಯಾಚೆ ನೋಡಿದೆ. ಹಕ್ಕಿಗೂಡಿನ ಮೇಲೆ ಹಿಮ ಕೂತಿತ್ತು.

"ಗೊತ್ತಿರಬೇಕು" ಅಂದೆ.

ಅವನು ಬರೆದುಕೊಂಡ. ಅಷ್ಟೇ. ಒಂದೇ ಒಂದು ಮಾತು, ಅದೂ ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಯೊಳಗೆ ಅದು ಊರಿನ ಮಾತಾಯಿತು. ಎಲ್ಡನ್ ಕೀಲಿ ಕದ್ದು ಬಂದೂಕು ತೆಗೆದುಕೊಂಡು ಹೋದನಂತೆ, ಪಾಪ ವರ್ನ್ ಏನು ಮಾಡಿಯಾನು. ಶವಪೆಟ್ಟಿಗೆಯ ಬಳಿ ಜನ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಡಿಸೆಂಬರಿನಲ್ಲಿ ನೋರೀನ್‌ಗೆ ಜಿಂಕೆ ಮಾಂಸ ಕೊಂಡುಹೋಗಿ ಕೊಟ್ಟೆ. ಚಳಿಗಾಲವೆಲ್ಲ ಅವಳ ಅಂಗಳದ ಹಿಮ ತೆಗೆದೆ. ಅವಳು ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ದುಃಖ ಅಂದುಕೊಂಡೆ.

ಮುಂದಿನ ಅಕ್ಟೋಬರಿಗೆ ಆ ಕಾನೂನು ಮಸೂದೆಯಾಗಿ ಬಂತು. ಜನಾಭಿಪ್ರಾಯ ಕೇಳಲು ರಾಜಧಾನಿಯಿಂದ ಶಾಸಕರ ಸಮಿತಿ ಬರುತ್ತದೆ, ಅಗ್ನಿಶಾಮಕ ದಳದ ಹಾಲಿನಲ್ಲಿ ಶನಿವಾರ ಸಭೆ ಎಂದು ಚೀಟಿ ಅಂಟಿಸಿದರು. ಊರೆಲ್ಲ ಎದ್ದು ಕೂತಿತು. ಬೇಟೆಗಾರರ ಕ್ಲಬ್ಬಿನ ಅಧ್ಯಕ್ಷ ರಸ್ ಬೆಂಡರ್ ನನ್ನ ಅಂಗಡಿಗೆ ಬಂದ. ರಸ್‌ಗೆ ಗಂಟಲು ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಎಲ್ಡನ್‌ನ ಶವಪೆಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ.

"ನೀನೇ ನಮ್ಮ ಸಾಕ್ಷಿ ಮಾರಾಯ" ಅಂದ. "ನಾವು ನಮ್ಮವರನ್ನ ನೋಡ್ಕೋತೀವಿ, ಜಡ್ಜು ಬೇಕಾಗಿಲ್ಲ ಅಂತ ಹೇಳು. ಎಲ್ಡನ್ ವಿಷಯ ಹೇಳು. ಬಂದೂಕು ತೆಗೆದಿಟ್ಟಿದ್ದೆ, ಬೀಗ ಹಾಕಿದ್ದೆ, ಆದ್ರೂ ಕೀಲಿ ಹುಡುಕಿ ತಗೊಂಡ. ಹಾಗೆ ಮಾಡೋನನ್ನ ಯಾವ ಕಾನೂನು ತಡೀತದೆ? ಅಲ್ಲಿಗೆ ಮುಗೀತು, ಅವರ ಬಾಯಿ ಬಂದ್."

"ಬೇರೆ ಯಾರನ್ನಾದ್ರೂ ಕರಿಯೋ."

"ಬೇರೆಯವರ ಹತ್ರ ಎಲ್ಡನ್ ಇಲ್ಲವಲ್ಲ" ಅಂದ ರಸ್. ಅಂದ ಮೇಲೆ ಅವನಿಗೇ ಮುಜುಗರವಾಯಿತು. "ನಾನು ಹೇಳಿದ್ದು ಹಾಗಲ್ಲ. ಅವನ ಸಾವು ನಾಲ್ಕು ಜನಕ್ಕೆ ಉಪಯೋಗವಾಗ್ಲಿ ಅಂತ."

ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದ. ಓದಿದೆ. ಚೆನ್ನಾಗಿಯೇ ಬರೆದಿದ್ದ. ನನ್ನ ಒಂದು ಮಾತು ಅಲ್ಲಿ ಒಂದು ಪುಟವಾಗಿತ್ತು. ನಿಜ ಒಪ್ಪಿಕೊಂಡರೆ ನಲವತ್ತು ವರ್ಷದ ಅಂಗಡಿ ಹೋಗುತ್ತದೆ, ಹೆಸರು ಹೋಗುತ್ತದೆ, ನೋರೀನ್ ಹೋಗುತ್ತಾಳೆ. ಓದಿಬಿಟ್ಟರೆ ಮೂರೇ ನಿಮಿಷ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡೆ. ಹೇಡಿ ಅನ್ನಿ, ನಾನೇನೂ ಬೇಡ ಅನ್ನುವುದಿಲ್ಲ.

ಶನಿವಾರ ಹಾಲಿನ ಬಾಗಿಲಲ್ಲಿ ಎರಡು ಹಾಳೆ ಇಟ್ಟಿದ್ದರು. ಒಂದರ ಮೇಲೆ ಪರ, ಇನ್ನೊಂದರ ಮೇಲೆ ವಿರೋಧ. ವಿರೋಧದ ಹಾಳೆ ತುಂಬಿ ಹಿಂದಿನ ಪುಟಕ್ಕೆ ಹೋಗಿತ್ತು. ಪರದಲ್ಲಿ ಆರು ಹೆಸರು, ಶಾಲೆಯ ಟೀಚರಮ್ಮ, ಆಸ್ಪತ್ರೆಯ ನರ್ಸು, ಹೀಗೆ. ಅವರು ಕಿಟಕಿಯ ಪಕ್ಕ ಒತ್ತೊತ್ತಾಗಿ ಕೂತಿದ್ದರು. ವಿರೋಧದ ಹಾಳೆಯ ಮಧ್ಯದಲ್ಲಿ ನೋರೀನ್ ಕ್ರೂಪಾ ಎಂಬ ಸಹಿ ನೋಡಿ ನನಗೆ ಆಶ್ಚರ್ಯವಾಯಿತು. ಸದ್ಯ, ನನ್ನ ಮಾತು ಅವಳಿಗೆ ನೋವು ಕೊಡುವುದಿಲ್ಲ ಎಂದು ಸಮಾಧಾನವೂ ಆಯಿತು. ಅವಳ ಕೆಳಗೇ ಸಹಿ ಹಾಕಿದೆ.

ಒಳಗೆ ಹೆಂಗಸರು ಎಲೆಕೋಸಿನ ಎಲೆಯಲ್ಲಿ ಸುತ್ತಿದ ಮಾಂಸ ಬಡಿಸುತ್ತಿದ್ದರು. ಕಾಫಿಯ ವಾಸನೆ, ಒದ್ದೆ ಬೂಟಿನ ವಾಸನೆ. ಮೇಜಿನ ಹಿಂದೆ ಮೂವರು ಶಾಸಕರು, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬಳು ಗುಮಾಸ್ತೆ, ಮುಂದೆ ಒಂದು ಮೈಕು. ಒಬ್ಬೊಬ್ಬರಿಗೆ ಮೂರು ನಿಮಿಷ. ಒಬ್ಬ ಸಂವಿಧಾನ ಹೇಳಿದ. ಒಬ್ಬ ತಾತ ಯುದ್ಧ ಮಾಡಿದ್ದು ಹೇಳಿದ. ನರ್ಸು ಅಂಕಿಸಂಖ್ಯೆ ಹೇಳುವಾಗ ಹಿಂದಿನ ಸಾಲಿನವನೊಬ್ಬ ಜೋರಾಗಿ ಆಕಳಿಸಿದ. ಇವತ್ತು ಬಂದೂಕು ಕೇಳ್ತಾರೆ, ನಾಳೆ ಸೌದೆ ಕೊಡಲಿ ಕೇಳ್ತಾರೆ ಎಂದು ಇನ್ನೊಬ್ಬ ಅಂದಾಗ ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ.

ನನಗಿಂತ ಮುಂಚೆ ನೋರೀನ್‌ಳನ್ನು ಕರೆದರು. ಅವಳು ಮಾತಾಡುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ರಸ್ ನನ್ನ ಪಕ್ಕೆಗೆ ತಿವಿದು ನೋಡು ಎಂಬಂತೆ ಹುಬ್ಬು ಹಾರಿಸಿದ. ಅವಳು ಕೋಟು ಬಿಚ್ಚದೆ ಮೈಕಿನ ಮುಂದೆ ನಿಂತಳು.

"ನನ್ನ ಗಂಡ ಹೋದ ಕಥೆ ನಿಮಗೆಲ್ಲ ಗೊತ್ತು. ಕಾನೂನು ಇದ್ದಿದ್ರೆ ಉಳೀತಿದ್ರಾ ಅಂತ ಆ ಟೀಚರಮ್ಮ ನನ್ನ ಕೇಳಿದ್ರು. ಒಳ್ಳೆಯವರು, ಪ್ರೀತಿಯಿಂದಲೇ ಕೇಳಿದ್ರು. ಇಲ್ಲ ಅಂದೆ. ಯಾಕೆ ಅಂತ ಹೇಳ್ಬಿಡ್ತೀನಿ, ಇನ್ನು ಹೊಟ್ಟೇಲಿಟ್ಕೊಳ್ಳೋಕೆ ಆಗಲ್ಲ."

ಮೈಕನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

"ವರ್ನ್ ಬಂದೂಕು ತೆಗೆದಿಟ್ಟಿದ್ದ. ಕೀಲಿ ಜಾಗ ಬದಲಾಯಿಸಿದ್ದ. ಹೊಸ ಜಾಗ ಗೊತ್ತಿದ್ದದ್ದು ಇಬ್ಬರಿಗೆ. ವರ್ನ್‌ಗೆ, ನನಗೆ. ಅಂದ್ಮೇಲೆ ಇವರಿಗೆ ಹೇಳಿದ್ದು ನಾನೇ. ಯಾವಾಗ ಹೇಳಿದೆ ಅಂತ ಜ್ಞಾಪಕಕ್ಕೆ ಬರ್ತಿಲ್ಲ. ಹನ್ನೊಂದು ತಿಂಗಳಿಂದ ಯೋಚಿಸ್ತಿದೀನಿ. ಊಟಕ್ಕೆ ಕೂತಾಗ ಹೇಳಿದ್ನೋ, ನಿದ್ದೇಲಿ ಬಡಬಡಿಸಿದ್ನೋ. ಒಂದೊಂದು ದಿನವನ್ನೂ ಹೆಕ್ಕಿ ಹೆಕ್ಕಿ ನೋಡಿದೀನಿ. ಸಿಕ್ತಿಲ್ಲ. ಆದ್ರೆ ಹೇಳಿರಲೇಬೇಕು. ಮನೆ ಹೆಂಡ್ತಿ ಬಾಯೇ ಹೀಗಿದ್ರೆ ಕಾನೂನು ಏನ್ ಮಾಡತ್ತೆ? ವರ್ನ್, ನಿನ್ನ ಮುಖ ನೋಡೋಕೆ ನನಗೆ ಧೈರ್ಯ ಇರ್ಲಿಲ್ಲ. ನೀನು ಹಿಮ ತೆಗೆದುಕೊಟ್ಟಾಗೆಲ್ಲ ಒಳಗೆ ಕೂತು ಅಳ್ತಿದ್ದೆ. ಕ್ಷಮಿಸು."

ಹೋಗಿ ಕೂತಳು. ಯಾರೋ ಅವಳ ಹೆಗಲ ಮೇಲೆ ಕೈ ಇಟ್ಟರು.

ನಾನು ಹೇಳಿದ ಆ ಒಂದು ಮಾತು ಯಾರ ಕಡೆ ಬೆರಳು ತೋರಿಸಿತ್ತು ಎಂದು ನನಗೆ ಹೊಳೆದದ್ದು ಆಗ. ಹನ್ನೊಂದು ತಿಂಗಳು ಹೊಳೆದಿರಲಿಲ್ಲ. ನನ್ನನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತು ಜೇಬಿನಿಂದ ರಸ್‌ನ ಹಾಳೆ ತೆಗೆದೆ. ಅಕ್ಷರ ಕಾಣಿಸಲಿಲ್ಲ. ಮತ್ತೆ ಮಡಿಸಿಟ್ಟೆ.

"ನೋರೀನ್, ನೀನು ಯಾರಿಗೂ ಹೇಳಿಲ್ಲ" ಅಂದೆ. "ಹಕ್ಕಿಗೂಡಿನ ಕೀಲೀನ ಅವನು ಮುಟ್ಟೇ ಇಲ್ಲ. ನಾನೇ ಕೊಟ್ಟೆ. ಭಾನುವಾರ ಮಧ್ಯಾಹ್ನ ಅವನು ಬಂದು ಕೇಳಿದ, ನಾನು ಬಂದೂಕು ಒರೆಸಿ ಕೈಗೆ ಕೊಟ್ಟೆ. ನಾಳೆ ಬರಿಗೈಯಲ್ಲಿ ಹೋದ್ರೆ ನಾಲ್ಕು ಜನ ಏನಂತಾರೆ ಅಂದ. ನನಗೂ ಹಾಗೇ ಅನ್ನಿಸ್ತು. ಆ ನಾಲ್ಕು ಜನ ನೀವೇ. ನಾನೂ ಸೇರಿ. ಪೊಲೀಸಿನವರು ಕೇಳಿದಾಗ ಸುಳ್ಳು ಹೇಳಿದೆ."

ಇಷ್ಟೇ. ಮೂರು ನಿಮಿಷದಲ್ಲಿ ಎರಡು ನಿಮಿಷ ಉಳಿದಿತ್ತು. ಹಿಂದಿನಿಂದ ಯಾರೋ, "ಥೂ" ಅಂದರು. ರಸ್ ಎದ್ದು ನಿಂತು, "ಅವನಿಗೆ ಮೈ ಸರಿಯಿಲ್ಲ, ಇದನ್ನ ಬರ್ಕೋಬೇಡಿ" ಎಂದು ಕೂಗಿದ. ಕಿಟಕಿಯ ಪಕ್ಕದ ಟೀಚರಮ್ಮ ಅಳುತ್ತಿದ್ದಳು, ಅವಳ ಪಕ್ಕದವನು ನನ್ನ ಮಾತನ್ನು ಆಗಲೇ ಫೋನಿನಲ್ಲಿ ಯಾರಿಗೋ ಕಳಿಸುತ್ತಿದ್ದ. ಗುಮಾಸ್ತೆ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಸರ್, ನಿಮ್ಮ ಹೆಸರು ವಿರೋಧದ ಹಾಳೇಲಿದೆ. ಹಾಗೇ ಇರ್ಲಾ, ಪರಕ್ಕೆ ಹಾಕ್ಲಾ?"

"ಎಲ್ಲಾದ್ರೂ ಹಾಕ್ಕೋ ತಾಯಿ" ಅಂದೆ. ಅವಳು ಏನು ಬರೆದಳೋ ನೋಡಲಿಲ್ಲ.

ತಿರುಗಿದಾಗ ನೋರೀನ್‌ಳ ಕುರ್ಚಿ ಖಾಲಿಯಿತ್ತು. ಜನ ನನಗೆ ದಾರಿ ಬಿಟ್ಟರು. ಮುಂಚೆ ಗೌರವಕ್ಕೆ ಬಿಡುತ್ತಿದ್ದರು, ಈಗ ಬಟ್ಟೆ ತಾಗದಿರಲಿ ಎಂದು ಬಿಟ್ಟರು. ಅಂಗಡಿಗೆ ಬಂದಾಗ ಅವಳ ಟ್ರಕ್ ಅಲ್ಲೇ ನಿಂತಿತ್ತು. ಅವಳು ಹಿತ್ತಿಲ ಹಕ್ಕಿಗೂಡಿನ ಅಡಿಯಲ್ಲಿ ನಿಂತು ಆ ಮೊಳೆಯನ್ನು ನೋಡುತ್ತಿದ್ದಳು. ಕೀಲಿ ಅಲ್ಲೇ ಇತ್ತು. ಅವಳು ಮುಟ್ಟಿರಲಿಲ್ಲ.

"ಬಾಗಿಲು ತೆಗಿ" ಅಂದಳು.

ತೆಗೆದೆ. ಒಳಗೆ ಬಂದು ನೇರ ಕೊನೆಯ ಸಾಲಿಗೆ ಹೋದಳು. ಎಲ್ಡನ್‌ನ ಇನ್ನೆರಡು ಬಂದೂಕು ಇನ್ನೂ ಅಲ್ಲೇ ಇದ್ದವು. ಅವಳೂ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಅವುಗಳಿಗೆ ಸರಪಳಿ ಹಾಕಿ ಬೀಗ ಜಡಿದಿದ್ದೆ. ಎಲ್ಡನ್ ಹೋದ ಮೇಲೆ ಮಾಡಿದ ಬುದ್ಧಿವಂತಿಕೆ.

"ಆ ಮಾಂಸ ನಾನು ತಿಂದೆ ವರ್ನ್" ಅಂದಳು. ಕೂಗಲಿಲ್ಲ, ಸಣ್ಣ ದನಿಯಲ್ಲೇ ಹೇಳಿದಳು. "ಪಾಪ, ನನ್ನ ತಪ್ಪು ಗೊತ್ತಿದ್ದೂ ಈ ಮನುಷ್ಯ ಮಾಂಸ ತಂದುಕೊಡ್ತಾನೆ ಅಂತ ಅಳ್ತಾ ತಿಂದೆ. ಚರ್ಚಲ್ಲಿ ನನ್ನ ಹಿಂದಿನ ಬೆಂಚಲ್ಲೇ ಕೂತ್ಕೋತಿದ್ದೆ ನೀನು. ನನ್ನ ಬೆನ್ನು ನೋಡ್ತಾ ಹಾಡು ಹೇಳ್ತಿದ್ದೆ."

ಬಂದೂಕಿನ ಸರಪಳಿಯನ್ನು ಮುಟ್ಟಿ ನೋಡಿದಳು.

"ಕೊನೇಗೆ ಏನಂದ್ರು ಇವರು?"

"ಎಣ್ಣೆ ಆರಿದೆಯಾ ಅಂತ ಕೇಳಿದ. ಆರಿದೆ ಅಂದೆ."

"ನಕ್ರಾ?"

"ನಕ್ಕ. ಪೊರಕೆ ಕೊಡ್ತಾಳೆ ನೋರೀನ್ ಅಂತ ಹೇಳಿ ನಕ್ಕ."

ಅವಳ ಮುಖ ಒಂದು ಕ್ಷಣ ಅರಳಿದ ಹಾಗಾಗಿ ಆಮೇಲೆ ಪೂರ್ತಿ ಕುಸಿಯಿತು. ಕೈ ಮುಂದೆ ಚಾಚಿದಳು. ಹನ್ನೊಂದು ತಿಂಗಳಲ್ಲಿ ಅವಳು ಎಷ್ಟು ಇಳಿದುಹೋಗಿದ್ದಾಳೆ ಎಂದು ಆಗ ಕಂಡಿತು. ಮಣಿಕಟ್ಟಿನ ಗಡಿಯಾರ ಮೊಣಕೈವರೆಗೂ ಜಾರುವಂತಿತ್ತು. ಆ ಕಣ್ಣುಗಳನ್ನು ನಾನು ಮುಂಚೆ ನೋಡಿದ್ದೆ. ಡೋರಿಸ್ ಹೋದ ಚಳಿಗಾಲದಲ್ಲಿ ಕನ್ನಡಿಯೊಳಗೆ ನೋಡಿದ್ದೆ.

"ನನ್ನ ಬಂದೂಕು ನನಗೆ ಕೊಡು. ಎರಡೂ. ಈಗಲೇ. ನಿನ್ನ ಅಂಗಡೀಲಿ ಇವರದ್ದು ಒಂದು ಕಡ್ಡೀನೂ ಇರಬಾರದು."

ನಮ್ಮ ಕಡೆ ಬಂದೂಕಿನ ಯಜಮಾನರು ಕೇಳಿದರೆ ಇಲ್ಲ ಅನ್ನುವ ಪದ್ಧತಿ ಇಲ್ಲ, ನನಗೆ ಹಾಗೆ ಅಂದವನು ಎಲ್ಡನ್ ಒಬ್ಬನೇ. ಅವಳ ವಸ್ತು ಅವಳು ಕೇಳುತ್ತಿದ್ದಳು. ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಅವಳಿಗಿತ್ತು, ಇಲ್ಲ ಅನ್ನುವ ಯೋಗ್ಯತೆ ಎಲ್ಲರಿಗಿಂತ ಕಡಿಮೆ ನನಗಿತ್ತು.

"ಕೊಡಲ್ಲ ನೋರೀನ್."

"ಏನಂದೆ?"

"ಕೊಡಲ್ಲ. ಇವತ್ತು ಕೊಡಲ್ಲ. ಏಪ್ರಿಲಿಗೆ ಬಾ."

"ಯಾವ ಅಧಿಕಾರದ ಮೇಲೆ? ಯಾವ ಕಾನೂನು ಇದೆ ನಿನ್ನ ಹತ್ರ? ಈಗಷ್ಟೇ ಊರೆಲ್ಲ ಬೇಡ ಅಂದುಬಂತಲ್ಲ."

"ಯಾವುದೂ ಇಲ್ಲ. ಪೊಲೀಸಿಗೆ ಹೇಳು, ಊರಿಗೆ ಹೇಳು. ನಾನು ಕೊಡಲ್ಲ."

ಅವಳು ಹೊಡೆದಳು. ಎದೆಗೆ, ಭುಜಕ್ಕೆ, ಮುಷ್ಟಿಯಿಂದ, ಬಲವಿಲ್ಲದ ಕೈಯಿಂದ. ನಾನು ಸರಪಳಿಗೆ ಬೆನ್ನು ಕೊಟ್ಟು ನಿಂತಿದ್ದೆ. ಕೈ ಸೋತ ಮೇಲೆ ಅವಳು ನನ್ನ ಅಂಗಿಯನ್ನೇ ಹಿಡಿದುಕೊಂಡು ನಿಂತಳು.

"ಇದೇ ಮಾತು, ವರ್ನ್" ಅಂದಳು. "ಕೊಡಲ್ಲ ಅನ್ನೋ ಒಂದೇ ಮಾತು. ಅವತ್ತು ಅವರಿಗೆ ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತೋ?"

ಅವಳು ಅಂಗಿ ಬಿಟ್ಟು ಹೊರಗೆ ಹೋಗಿ, ಟ್ರಕ್ ಹತ್ತಿ, ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಅವಳ ತಂಗಿಗೆ ಫೋನ್ ಮಾಡಿ, ಈಗಲೇ ನೋರೀನ್ ಮನೆಗೆ ಹೋಗು, ಅವಳನ್ನು ಒಬ್ಬಳೇ ಬಿಡಬೇಡ ಅಂದೆ.